ನೀಲಿ ಗಾಡಿಯ ಟ್ರಯಲ್

"ಅಪ್ಪಾ, ನೀಲಿ ಗಾಡೀನೇ ತಗೋ! ಇನ್ನೇನ್ ವಿಚಾರ ಮಾಡ್ತಿ?"

ಬಾಯಲ್ಲಿ ರೊಟ್ಟಿ ಇದ್ದರೂ ಪೂರ್ವಾಳ ವಕೀಲಿ ನಿಲ್ಲಲಿಲ್ಲ. ಒಂದು ಕೈಯಲ್ಲಿ ತುತ್ತು, ಇನ್ನೊಂದು ಕೈಯಲ್ಲಿ ಶೋರೂಮಿನವರು ಕೊಟ್ಟ ಎರಡು ಬಣ್ಣದ ಹಾಳೆ. ಒಂದರ ಮೇಲೆ ನೀಲಿ ಪಿಕಪ್, ಇನ್ನೊಂದರ ಮೇಲೆ ಬಿಳಿ ಪಿಕಪ್. ಎರಡೂ ಡೀಸೆಲ್ ಗಾಡಿಗಳೇ.

ಅಪ್ಪ ಮಲಕಪ್ಪನದು ಮನೆ ಶಿಫ್ಟಿಂಗ್ ಕೆಲಸ. ಅವ್ವ ಅಂಬಾ ಜೊತೆಗೆ ಹೋಗಿ ಅಡುಗೆಮನೆಯ ಸಾಮಾನು ಕಟ್ಟಿಕೊಡುತ್ತಾಳೆ. ಅದರಲ್ಲಿ ಆಕೆ ಎತ್ತಿದ ಕೈ. ಆಕೆ ಕಟ್ಟಿದ ಗಾಜಿನ ಭರಣಿ ಇವತ್ತಿನವರೆಗೆ ಒಂದೂ ಒಡೆದಿಲ್ಲ. ಆದರೆ ಅವರ ಹಳೆಯ ಪಿಕಪ್ ಮಾತ್ರ ಕಾತ್ರಜದ ಏರು ಬಂತೆಂದರೆ ಮುದುಕನಂತೆ ಕೆಮ್ಮುತ್ತಿತ್ತು. ಅದನ್ನು ಕೊಟ್ಟು ಹೊಸದು ತರುವುದೆಂದು ಮನೆಯಲ್ಲಿ ಎಲ್ಲರೂ ಒಪ್ಪಿದ್ದರು. ಯಾವುದು ಎನ್ನುವುದೇ ಜಗಳ.

"ನೀಲೀದು ಒಂದೂವರಿ ಟನ್ ಎತ್ತತದ. ಹಿಂದಿನ ಬಾಡಿ ಎಷ್ಟ್ ಉದ್ದ ಅದ ನೋಡು! ಕಪಾಟು, ಮಂಚ, ಫ್ರಿಜ್, ಎಲ್ಲಾ ಒಂದೇ ಟ್ರಿಪ್. ಏಸಿ ಅದ, ಟಚ್ ಸ್ಕ್ರೀನ್ ಅದ."

"ಬಿಳೀದು ಡೀಸೆಲ್ ಕಡಿಮಿ ಕುಡೀತದವಾ," ಅಂದ ಅಪ್ಪ. "ಸಣ್ಣ ಗಲ್ಲಿಯೊಳಗೂ ಹೊಳ್ಳತದ."

"ಅದರಾಗ ಏಸಿನೇ ಇಲ್ಲ!"

"ನಾವೇನ್ ಐಸ್‌ಕ್ರೀಮ್ ಒಯ್ತೀವೇನು?" ಅವ್ವ ನಕ್ಕಳು.

ಪೂರ್ವಾ ಒಂದು ಮಾತನ್ನು ಮಾತ್ರ ಹೇಳಲಿಲ್ಲ. ನೀಲಿ ಗಾಡಿಯ ಹಾಳೆಯ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ 'ಸೀಟು ಎರಡು' ಎಂದಿತ್ತು. ಬಿಳಿಯದರಲ್ಲಿ ಮೂರು. ಹಳೆಯ ಗಾಡಿಯಲ್ಲಿ ಅಪ್ಪ ಅವ್ವನ ನಡುವೆ ಕುಳಿತು, ಗೇರಿನ ಕೋಲಿಗೆ ಮೊಣಕಾಲು ಬಡಿಸಿಕೊಂಡು ಆಕೆಗೆ ಸಾಕಾಗಿತ್ತು. ಹಾಗಾಗಿ ನೀಲಿ ಗಾಡಿಯ ಕಿಟಕಿ ಪಕ್ಕದ ಸೀಟಿಗೆ ಮನಸ್ಸಿನಲ್ಲೇ ಟವೆಲ್ ಹಾಕಿಬಿಟ್ಟಿದ್ದಳು. ಅವ್ವ ಎಲ್ಲಿ ಕೂರಬೇಕು? ಅದನ್ನು ಆಕೆ ವಿಚಾರ ಮಾಡಿರಲಿಲ್ಲ. ಮಾಡುವ ಮನಸ್ಸೂ ಇರಲಿಲ್ಲ ಅನ್ನಿ.

ಭಾನುವಾರ ಶೋರೂಮಿನವರು ನೀಲಿ ಗಾಡಿಯನ್ನು ಟ್ರಯಲ್‌ಗೆ ಕೊಟ್ಟರು. ಅವತ್ತೇ ಒಂದು ಶಿಫ್ಟಿಂಗ್ ಇತ್ತು. ಇಂಪನಾ ಎಂಬ ಎಂಜಿನಿಯರ್ ಕಾತ್ರಜದ ಬಾಡಿಗೆ ಮನೆ ಬಿಟ್ಟು ಹಿಂಜವಾಡಿಯ ಹೊಸ ಫ್ಲ್ಯಾಟಿಗೆ ಹೊರಟಿದ್ದಳು. ಮೈಸೂರಿನಿಂದ ಅವಳ ತಾಯಿ ಕಾಮಾಕ್ಷಮ್ಮನೂ ಬಂದಿದ್ದರು.

ಸಾಮಾನೆಲ್ಲ ನಿಜಕ್ಕೂ ಒಂದೇ ಸಲಕ್ಕೆ ಹಿಡಿಸಿತು. "ಭಾರಿ ಅದಪಾ ಗಾಡಿ!" ಎಂದು ಹೊಗಳಿ, ಸಾಮಾನು ಎತ್ತುವ ಬಾಳು ಮಾಮಾ ಜೊತೆಗಾರನನ್ನು ಕೂರಿಸಿಕೊಂಡು ಬೈಕಿನಲ್ಲಿ ಹೊರಟ. ಇಂಪನಾ, ಕಾಮಾಕ್ಷಮ್ಮ ಕಾರಿನಲ್ಲಿ ಮುಂದೆ ಹೋದರು. ಅವ್ವ ಬಗಲಿಗೆ ಬಟ್ಟೆಯ ಚೀಲ ಹಾಕಿಕೊಂಡು ಪಿಕಪ್ಪಿನ ಬಾಗಿಲು ತೆರೆದಳು. ಒಳಗೆ ಪೂರ್ವಾ ಬೆಲ್ಟ್ ಕಟ್ಟಿಕೊಂಡು ಕುಳಿತಾಗಿತ್ತು.

"ಅವ್ವಾ, ನೀ ಬಸ್ಸಿಗೆ ಬಾರಲಾ. ಪ್ಲೀಸ್!"

"ಪೂರ್ವಿ, ಇಳಿ ಕೆಳಗ," ಅಪ್ಪ ಗದರಿದ.

"ಇರ್ಲಿ ಬಿಡ್ರಿ, ಆಸೆ ಅದ ಹುಡುಗಿಗೆ," ಅಂದಳು ಅವ್ವ. "ಹಿಂಜವಾಡಿ ಬಸ್ ಇಲ್ಲೇ ಸಿಗ್ತದ."

ಏಸಿ ತಣ್ಣಗೆ ಬೀಸಿತು. ಸ್ಕ್ರೀನ್ ಒತ್ತಿದರೆ ಹಾಡು ಬಂತು. ಗಾಡಿ ಏರಿನಲ್ಲೂ ಹೂವಿನಂತೆ ಹೋಯಿತು. ಪೂರ್ವಾಳಿಗೆ ಸ್ವರ್ಗ ಮೂರೇ ಗೇಣು! ನಡುವೆ ಒಮ್ಮೆ ಅಪ್ಪ ರಸ್ತೆಯ ಮೇಲಿನ ಕಣ್ಣು ತೆಗೆಯದೆ ಎಡಗೈ ಚಾಚಿದ. ಪೂರ್ವಾ ಆ ಕೈಗೆ ಚಟ್ಟನೆ ತನ್ನ ಅಂಗೈ ಬಡಿದಳು.

"ಏನವಾ ಇದು?"

"ಹೈ ಫೈ!"

ಅಪ್ಪ ನಕ್ಕು ಕೈ ಹಿಂದಕ್ಕೆ ತೆಗೆದುಕೊಂಡ.

ಹಿಂಜವಾಡಿ ಮುಟ್ಟಿದಾಗ ಹನ್ನೆರಡು ದಾಟಿತ್ತು. "ಏಕ್ ವಾಜೇಪರ್ಯಂತ್‌ಚ ಲಿಫ್ಟ್!" ಎಂದು ಮರಾಠಿಯಲ್ಲಿ ಕೂಗಿದ ಸೊಸೈಟಿಯ ವಾಚ್‌ಮನ್. ಸಾಮಾನಿಗೆ ಲಿಫ್ಟು ಒಂದು ಗಂಟೆಯವರೆಗೆ ಮಾತ್ರ. ತಪ್ಪಿದರೆ ನಾಳೆ ಬೆಳಿಗ್ಗೆಯೇ.

ಬಾಳು ಮಾಮಾ ಮಂಚಕ್ಕೆ ಕೈ ಹಚ್ಚಿದ. ಅಷ್ಟರಲ್ಲಿ ಕಾಮಾಕ್ಷಮ್ಮ ಕೆಳಗಿಳಿದು ಬಂದರು.

"ತಾಳಿ ತಾಳಿ! ಹಾಲು ಉಕ್ಕಿಸದೆ ಒಂದು ಕಡ್ಡಿಯೂ ಒಳಗೆ ಬರಕೂಡದು. ನನ್ನ ಹಾಲಿನ ಪಾತ್ರೆ ಎಲ್ಲಿದೆ?"

"ಅಮ್ಮಾ, ಟೈಮ್ ಇಲ್ಲಮ್ಮ! ಬೇರೆ ಪಾತ್ರೆ ಸಾಕಲ್ವಾ?" ಅಂದಳು ಇಂಪನಾ.

"ಸಾಕಾಗಲ್ಲ. ನಾವು ಹೋದ ಮನೆಯಲ್ಲೆಲ್ಲ ಅದರಲ್ಲೇ ಉಕ್ಕಿಸಿದ್ದು."

ಎಲ್ಲರೂ ಅವ್ವನ ಜಾಗದಲ್ಲಿ ಬಂದಿದ್ದ ಪೂರ್ವಾಳ ಕಡೆ ನೋಡಿದರು. ಆಕೆ ಗಾಡಿ ಹತ್ತಿ ಒಂದೊಂದೇ ಡಬ್ಬ ಬಿಚ್ಚಿದಳು. ಒಂದರಲ್ಲಿ ಬರೀ ಮುಚ್ಚಳ, ಇನ್ನೊಂದರಲ್ಲಿ ಉಪ್ಪಿನಕಾಯಿ, ಮತ್ತೊಂದರಲ್ಲಿ ಕುಕ್ಕರ್. ಹಾಲಿನ ಪಾತ್ರೆ ಇಲ್ಲ. ಬೆವರಿದ್ದಷ್ಟೇ ಲಾಭ.

ಅಪ್ಪ ಅವ್ವನಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದ. "ಅಂಬಾ, ಹಾಲಿನ ಪಾತ್ರಿ ಎಲ್ಲಿಟ್ಟಿ?"

"ನನ್ನ ತೊಡಿ ಮ್ಯಾಲೇ ಅದ್ರಿ!" ಬಸ್ಸಿನ ಗದ್ದಲದ ನಡುವೆ ಅವ್ವ ಕೂಗಿದಳು. "ಮುಟ್ಟಿದಕೂಡಲೇ ಬೇಕಾಗ್ತದಂತ ಯಾವಾಗಲೂ ಕೈಯಾಗೇ ತರ್ತೀನಲ್ರಿ. ಬಸ್ ವಾಕಡದ ಟ್ರಾಫಿಕ್ಕಿನಾಗ ಸಿಕ್ಕೊಂಡದ. ಮುಂದ ಹೋಗವಲ್ದು."

ಒಂದೂವರೆ ಟನ್ ಎತ್ತುವ ಗಾಡಿ, ಒಂದು ಸೇರು ಹಿಡಿಯುವ ಪಾತ್ರೆಗಾಗಿ ಕಾಯುತ್ತ ನಿಂತಿತು.

ಪೂರ್ವಾ ಗೇಟಿನ ಹತ್ತಿರ ಹೋಗಿ ರಸ್ತೆ ನೋಡಿದಳು. ಅಪ್ಪನ ಕೆಲಸ ಕೆಟ್ಟರೆ ತಾನೇ ಕಾರಣ. ಸೀಟು ಯಾರು ಕಸಿದುಕೊಂಡದ್ದು ಅಂತ ಯಾರೂ ಕೇಳಲಿಲ್ಲ. ಕೇಳಿದ್ದರೇ ಚೆನ್ನಾಗಿತ್ತು ಅನಿಸಿತು ಆಕೆಗೆ.

ಕೊನೆಗೆ ಅವ್ವ ಬಂದಳು. ಮುಖವೆಲ್ಲ ಬೆವರು, ಎದೆಗೆ ಅವಚಿ ಹಿಡಿದ ಚೀಲ. ಅದರಿಂದ ಪಾತ್ರೆ ಹೊರಬಂತು, ಲೈಟರ್ ಬಂತು, ಸಕ್ಕರೆಯ ಪುಡಿಕೆಯೂ ಬಂತು. ಹೊಸ ಮನೆಯ ಒಲೆಯ ಮೇಲೆ ಹಾಲು ಉಕ್ಕಿತು. ಕಾಮಾಕ್ಷಮ್ಮ ಕೈಮುಗಿದರು. ಆಮೇಲೆ ಶುರುವಾಯಿತು ನೋಡಿ ಓಟ! ವಾಚ್‌ಮನ್ ಗಡಿಯಾರ ನೋಡುತ್ತಲೇ ಇದ್ದ. ವಾಷಿಂಗ್ ಮಷೀನು ಲಿಫ್ಟಿನಿಂದ ಇಳಿಯುವುದಕ್ಕೂ ಒಂದು ಹೊಡೆಯುವುದಕ್ಕೂ ಸರಿಹೋಯಿತು.

ಎಲ್ಲರೂ ನೆಲದ ಮೇಲೆ ಉಸ್ಸಪ್ಪಾ ಎಂದು ಕುಳಿತರು. ಅಪ್ಪ ಸುಮ್ಮನೆ ಎಡಗೈ ಚಾಚಿದ. ಅವ್ವ ಅವನ ಮುಖವನ್ನೂ ನೋಡದೆ ಚೀಲದಿಂದ ಒಂದು ಹಿಡಿ ಹುರಿದ ಶೇಂಗಾ ತೆಗೆದು ಆ ಕೈಗೆ ಹಾಕಿದಳು. ಪೂರ್ವಾ ನೋಡಿದಳು. ಬೆಳಿಗ್ಗೆ ಆ ಕೈ ಕೇಳಿದ್ದು ಹೈ ಫೈ ಅಲ್ಲ ಎಂದು ಗೊತ್ತಾಗಿ ಆಕೆಗೆ ನಾಚಿಕೆಯಾಯಿತು.

"ಗಾಡಿ ಚಲೋ ಅದ್ರಿ, ತಗೊಂಡ್ಬಿಡ್ರಿ," ಅಂದಳು ಅವ್ವ. "ಪಾತ್ರಿ ಗಾಡ್ಯಾಗ ಇಟ್ಟು ಕಳಸ್ತೀನಿ. ನಾ ಬಸ್ಸಿಗೆ ಬರ್ತೀನಿ. ಅದೇನ್ ದೊಡ್ಡ ಮಾತು?"

ಅಪ್ಪ ಶೇಂಗಾ ಮೆಲ್ಲುತ್ತ ಗಾಡಿಯ ಕೀಲಿ ಕೈಗೆತ್ತಿಕೊಂಡ.

ಹೊರಡುವಾಗ ಪೂರ್ವಾ ನೀಲಿ ಗಾಡಿಯ ಬಾಗಿಲು ತೆರೆದು ನಿಂತಳು. "ಅವ್ವಾ, ನೀ ಕೂಡು."

"ನಿನ್ನೊಬ್ಬಾಕಿನ್ನ ಬಸ್ಸಿಗೆ ಕಳಸ್ಲೇನು? ಹತ್ತು ಹತ್ತು."

ಪೂರ್ವಾ ಬಾಗಿಲು ಹಾಕಿ ಅವ್ವನ ಚೀಲ ಕಸಿದುಕೊಂಡಳು. "ಹಂಗಾರ ಇಬ್ರೂ ಬಸ್ಸಿಗೇ ಹೋಗೂಣು."

ಬಸ್ಸು ಸ್ವಲ್ಪ ದೂರ ಹೋಗಿ ಟ್ರಾಫಿಕ್ಕಿನಲ್ಲಿ ನಿಂತಿತು. ಕಿಟಕಿಯ ಪಕ್ಕಕ್ಕೇ ನೀಲಿ ಗಾಡಿ. ಒಳಗೆ ಅಪ್ಪ ಒಬ್ಬನೇ. ಎಡಕ್ಕೆ ಬೈಕು ಬಂತೋ ಏನೋ ಅಂತ ಖಾಲಿ ಸೀಟಿನ ಮೇಲೆ ಬಾಗಿ ಬಾಗಿ ನೋಡುತ್ತಿದ್ದ.

"ಅಪ್ಪಾ! ಬಿಳೀದು! ಬಿಳೀದು ತಗೋ!"

ಗಾಜು ಏರಿಸಿದ್ದರಿಂದ ಅಪ್ಪನಿಗೆ ಕೇಳಲಿಲ್ಲ. ಪೂರ್ವಾ ಕಿಟಕಿಯ ಸರಳಿಗೆ ಮುಖ ಒತ್ತಿ ಮೂರು ಬೆರಳು ತೋರಿಸಿದಳು. ಅಪ್ಪ ಹುಬ್ಬು ಗಂಟಿಕ್ಕಿದ. ಆಕೆ ಮತ್ತೆ ಅಪ್ಪನನ್ನು, ಅವ್ವನನ್ನು, ತನ್ನನ್ನು ತೋರಿಸಿ ಮೂರು ಬೆರಳು ಎತ್ತಿದಳು. ಅಪ್ಪ ಪಕ್ಕದ ಖಾಲಿ ಸೀಟನ್ನು ನೋಡಿದ. ಆಮೇಲೆ ಬಾಯ್ತುಂಬ ನಕ್ಕು ತಾನೂ ಮೂರು ಬೆರಳು ಎತ್ತಿದ.

"ಏನ್ ಹೇಳಿದಿ ಅವರಿಗೆ?" ಅವ್ವ ಕೇಳಿದಳು.

"ಏನಿಲ್ಲ. ಗಾಡಿ ಮಾತು."

"ಅಷ್ಟ್ ಚಲೋ ಏಸಿ ಬಿಟ್ಟು ಇಲ್ಲಿ ಬಂದು ಬೆವರಾಕತ್ತೀಯಲ್ಲ, ಹುಚ್ಚಿ," ಎಂದು ಅವ್ವ ಸೆರಗಿನಿಂದ ಆಕೆಯ ಹಣೆ ಒರೆಸಿದಳು.

ಪೂರ್ವಾ ಇನ್ನಷ್ಟು ಹತ್ತಿರಕ್ಕೆ ಸರಿದು ಕುಳಿತಳು.