ಇನ್ನೂರ ಹದಿನಾಲ್ಕನೇ ಬಾಗಿಲು

2025ರ ಮಾರ್ಚ್ 27, ಗುರುವಾರ. ಬೆಳಗ್ಗೆ 7.10ಕ್ಕೆ ಠಾಣೆಗೆ ಬಂದ ಪಿಡಿಒ ಅನುಸೂಯಾ ಕುರ್ಚಿ ಕೊಟ್ಟರೂ ಕೂರಲಿಲ್ಲ. ಮಾಳಗಡ್ಡಿ ಗ್ರಾಮ ಪಂಚಾಯಿತಿಗೆ ಮನೆಪಟ್ಟಿ ಕರ ವಸೂಲಿ ಮಾಡುವ ಅಮೋಲನ ಹೆಣ ಕಬ್ಬಿನ ಗದ್ದೆಯ ಬದುವಿನಲ್ಲಿ ಬಿದ್ದಿದೆ ಎಂದು ನಿಂತೇ ಹೇಳಿದರು. ಕಾನ್‌ಸ್ಟೆಬಲ್ ಕಾಡಸಿದ್ದ ದೂರು ಬರೆದುಕೊಂಡ. 7.40ಕ್ಕೆ ಕೊಲೆ ಕಲಮಿನಡಿ ಎಫ್‌ಐಆರ್ ದಾಖಲಾಯಿತು.

ಮಾಳಗಡ್ಡಿ ಠಾಣೆಯಿರುವ ಯಡೂರಿನಿಂದ ಆರು ಕಿಲೋಮೀಟರ್. ಪಂಚನಾಮೆ 9.05ಕ್ಕೆ ಶುರುವಾಯಿತು. ತಲೆಯ ಹಿಂದೆ ಕಲ್ಲಿನ ಪೆಟ್ಟು. ಬಾಯಿ ತುಂಬ ಕಾಗದ ತುರುಕಿದ್ದರು. ಎಲ್ಲವೂ ಪಂಚಾಯಿತಿಯ ರಸೀದಿ ಪುಸ್ತಕದ ಹಾಳೆಗಳು. ಪಂಚರಲ್ಲಿ ಒಬ್ಬ ಅತ್ತ ತಿರುಗಿ ವಾಂತಿ ಮಾಡಿದ. ಇನ್ನೊಬ್ಬ, "ಈಗರೆ ಹೊಟ್ಟಿ ತುಂಬಿರಬೇಕು" ಎಂದ. ಸುತ್ತ ನಿಂತವರಲ್ಲಿ ಕೆಲವರು ನಕ್ಕರು. ಹೆಣದ ಮುಂದೆ ನಗುವ ಊರನ್ನು ಇನ್ಸ್‌ಪೆಕ್ಟರ್ ಹಾಲೇಶ ಹದಿನೆಂಟು ವರ್ಷದ ನೌಕರಿಯಲ್ಲಿ ಕಂಡಿರಲಿಲ್ಲ.

ಪಂಚಾಯಿತಿ ಕಚೇರಿಯಲ್ಲಿ ಅನುಸೂಯಾರ ವಿಚಾರಣೆ ನಡೆಯಿತು.

"ಇವನ ಮ್ಯಾಲ ಸಿಟ್ಟು ಯಾರಿಗಿತ್ರಿ?"

"ಇನ್ನೂರಾ ಹದಿನಾಕ ಮನ್ಯಾವ್ರಿಗಿ, ಸರ್." ಅವರು ಪಟ್ಟಿಯನ್ನು ಮುಂದಿಟ್ಟರು. "ಇಷ್ಟು ಬಾಗಲಾ ಮುಂದ ಹಲಗಿ ಬಾರಿಸೇವ್ರಿ."

"ಯಾಕ?"

"ಮ್ಯಾಲಿಂದ ಬರೂ ರೊಕ್ಕ ಇಂಥಾದಕ್ಕಂತ ಗಂಟ ಹಾಕೇ ಬರ್ತೈತ್ರಿ. ನೀರ ಬಿಡಾಂವನ ಪಗಾರ, ಬೀದಿ ದೀಪದ ಬಿಲ್ಲು ನಾವ ಮನಿಪಟ್ಟಿ ಎತ್ತಿ ಕೊಡಬೇಕು. ಮಾರ್ಚ್ ಮುಗಿಯೂದ್ರಾಗ ವಸೂಲಿ ಆಗ್ಲಿಲ್ಲಂದ್ರ ಮೀಟಿಂಗ್‌ದಾಗ ಎಲ್ಲಾರ ಮುಂದ ನನ್ನ ನಿಂದ್ರಸ್ತಾರ್ರಿ."

ಹಾಗಾಗಿ ಮೇಡಂ ಊರನ್ನೇ ನಿಲ್ಲಿಸಿದ್ದರು. ಬಾಕಿದಾರನ ಬಾಗಿಲಿಗೆ ಹೋಗುವುದು, ಚರ್ಮದ ಹಲಗೆ ಬಾರಿಸುವುದು, ಹೆಸರು ಹಿಡಿದು ಕೂಗುವುದು, ಅದನ್ನು ವಿಡಿಯೊ ಮಾಡಿ ಊರಿನ ವಾಟ್ಸ್‌ಆ್ಯಪ್ ಗುಂಪಿಗೆ ಬಿಡುವುದು. ಒಂಬತ್ತು ದಿನ ಇದೇ ನಡೆದಿತ್ತು. ಕಡತದಲ್ಲಿ ಇದಕ್ಕೆ 'ಜಾಗೃತಿ ಅಭಿಯಾನ' ಎಂಬ ಮುದ್ದಾದ ಹೆಸರು. ಹಲಗೆ ಬಿದ್ದ ಮನೆಯವರು ಮರುದಿನ ಕಿರಾಣಿ ಅಂಗಡಿಗೂ ಮುಖ ತೋರಿಸುತ್ತಿರಲಿಲ್ಲ. ಒಂದು ಮನೆಯಲ್ಲಿ ಗೊತ್ತಾಗಿದ್ದ ಮದುವೆಯೇ ಮುರಿದುಬಿತ್ತು.

ಎಲ್ಲರಿಗಿಂತ ಹೆಚ್ಚು ಬಾಕಿ ಇದ್ದದ್ದು ದ್ರಾಕ್ಷಿ ತೋಟದ ರಾವಸಾಹೇಬರದು. ಗೋದಾಮಿನ ತೆರಿಗೆಯೇ ಎಂಬತ್ತಾರು ಸಾವಿರ. ಮಧ್ಯಾಹ್ನ 1.15ಕ್ಕೆ ಹಾಲೇಶ ಅವರ ಮನೆಗೆ ಹೋದ.

"ನಿಮ್ಮ ಬಾಗಲಾ ಮುಂದ ಹಲಗಿ ಬಿತ್ತೇನ್ರಿ?"

"ನಮ್ಮ ಬಾಗಲಾ ಮುಂದ?" ರಾವಸಾಹೇಬರಿಗೆ ನಗು ತಡೆಯಲಾಗಲಿಲ್ಲ. "ಅಮೋಲ ಬರತಿದ್ದಾ, ಚಾ ಕುಡದ ಹೋಗತಿದ್ದಾ."

ಮರ್ಯಾದೆಯೇ ಹೋಗದವನು ಕೊಲೆ ಏಕೆ ಮಾಡುತ್ತಾನೆ? ಹಾಲೇಶ ಆ ಹೆಸರನ್ನು ಬಿಟ್ಟ.

ಸಂಜೆ 4.20ಕ್ಕೆ ಆಸ್ಪತ್ರೆಯಿಂದ ವೈದ್ಯರ ಫೋನ್ ಬಂತು. ಪೆಟ್ಟಿನಿಂದ ಪ್ರಜ್ಞೆ ತಪ್ಪಿತ್ತು, ಪ್ರಾಣ ಹೋದದ್ದು ಉಸಿರುಗಟ್ಟಿ. ರಸೀದಿ ಹಾಳೆಗಳ ಹಿಂದೆ, ಗಂಟಲಿನ ಆಳದಲ್ಲಿ, ಮಡಿಸಿದ ಒಂದು ನೋಟಿಸು ಸಿಕ್ಕಿತ್ತು. ಮಾಳು ಎಂಬವನ ಹೆಸರಿನದು. ಮನೆಪಟ್ಟಿ ಬಾಕಿ 1,140 ರೂಪಾಯಿ.

"ಮಾಳೂನ ಕರಸ್ರಿ" ಎಂದ ಹಾಲೇಶ.

ಪಕ್ಕದ ಊರಿನವನಾದ ಕಾಡಸಿದ್ದ ತಡವರಿಸಿದ. "ಅಂವ ಸತ್ತು ಒಂಬತ್ತ ವರ್ಷಾತ್ರಿ ಸಾಹೇಬ್ರ. ಪಂಚಾಯ್ತಿಯವ್ರು ಹೆಸರ ತಗದಿಲ್ಲ."

"ಈಗ ಆ ಮನ್ಯಾಗ ಯಾರ ಅದಾರ?"

"ಮಗಾ, ಭರಮು. ಹಲಗಿ ಬಾರಿಸಾಂವ ಅವನರೀ."

ಹಾಲೇಶ ವಾಟ್ಸ್‌ಆ್ಯಪ್ ಗುಂಪು ತೆರೆಸಿದ. ಕೊನೆಯ, ಇನ್ನೂರ ಹದಿನಾಲ್ಕನೇ ಮನೆಯ ವಿಡಿಯೊ ಮಾರ್ಚ್ 26ರದು, ಬೆಳಗ್ಗೆ 11.20. ಭರಮು ತನ್ನ ಮನೆಯ ಮುಂದೆಯೇ ತಲೆ ತಗ್ಗಿಸಿ ಹಲಗೆ ಬಾರಿಸುತ್ತಿದ್ದಾನೆ. "ಜೋರ ಬಾರಸೋ, ಕೇಳವಲ್ದು. ಹೆಸರ ಕೂಗು" ಎಂಬ ಅಮೋಲನ ದನಿ. ಭರಮು ತೀರಿಕೊಂಡ ಅಪ್ಪನ ಹೆಸರು ಕೂಗಿದ. ಆಗ ಒಳಗಿನಿಂದ ಅವನ ಮಗಳು, ನಾಲ್ಕು ವರ್ಷದವಳಿರಬೇಕು, ಓಡಿ ಬಂದಳು. ಅಪ್ಪ ಮನೆ ಮುಂದೆ ಹಲಗೆ ಬಾರಿಸುತ್ತಿದ್ದಾನೆಂದು ಅವಳಿಗೆ ಖುಷಿಯೋ ಖುಷಿ. ಕುಣಿಯತೊಡಗಿದಳು. ಜನ ನಕ್ಕರು. ವಿಡಿಯೊದ ಕೆಳಗೆ ನಗುವ ಮುಖಗಳ ಸಾಲೇ ಇತ್ತು.

5.50ಕ್ಕೆ ಭರಮುವನ್ನು ಬಂಧಿಸಿದರು. ಜೀಪು ಕಂಡದ್ದೇ ಆಡಿನ ಮೇವು ಕೆಳಗಿಟ್ಟು ತಾನೇ ಎದ್ದು ಬಂದ.

"ನಿನ್ನ ಬಾಗಲಾ ಮುಂದ ನೀನ ಯಾಕ ಬಾರಿಸಿದಿ?"

"ಇದೊಂದ ಮುಗಿಸು, ಒಂಬತ್ತ ದಿನದ ಪಗಾರ ಕೊಡ್ತೀನಂದಿದ್ದಾ ರೀ ಅಮೋಲ. ದಿನಕ್ಕ ನಾಕನೂರು."

ಮೂರು ಸಾವಿರದ ಆರುನೂರು. ಅವನ ಬಾಕಿಗಿಂತ ಮೂರು ಪಟ್ಟು ಹೆಚ್ಚು.

"ಕೊಟ್ಟನೇನು?"

"ಹೊತ್ತ ಮುಳಗೂ ಮುಂದ ಗದ್ದಿ ಹಾದ್ಯಾಗ ಕೇಳಿದ್ನಿರಿ. ಹಲಗಿ ಖರ್ಚಿಗಿ ಪಂಚಾಯ್ತಿ ಲೆಕ್ಕದ ಪುಸ್ತಕದಾಗ ಕಾಲಂ ಇಲ್ಲಂದಾ. ನಿನ್ನ ಬಾಕಿ ಮಾತ್ರ ಕಟ್ಟಬೇಕು ಅಂತ ನೋಟಿಸ್ ಕೈಯಾಗಿಟ್ಟಾ." ಭರಮುವಿನ ದನಿ ಏರಲೂ ಇಲ್ಲ, ನಡುಗಲೂ ಇಲ್ಲ. "ಆಮ್ಯಾಲ ಫೋನ್ ತಗದು ಹುಡಿಗಿ ಕುಣಿಯೂದು ತೋರಿಸಿದಾ. ಮುಂದಿನ ವರ್ಷ ಇಕೀನ್ನೂ ಕರಕೊಂಡ ಬಾ, ಮಂದಿ ಛಲೋ ಕೂಡತೈತಿ ಅಂದಾ."

ಹಾಲೇಶ ಹೊರಗೆ ಬಂದು ಅನುಸೂಯಾರಿಗೆ ಫೋನ್ ಮಾಡಿದ. ಅಂಥ ಕಾಲಂ ನಿಜಕ್ಕೂ ಇಲ್ಲ ಎಂದರು. ಅಮೋಲ ಅದೊಂದು ವಿಷಯದಲ್ಲಿ ಸುಳ್ಳು ಹೇಳಿರಲಿಲ್ಲ.

ಮಾರ್ಚ್ 28, ಬೆಳಗ್ಗೆ 10.30. ಭರಮುವನ್ನು ಚಿಕ್ಕೋಡಿ ಕೋರ್ಟಿಗೆ ಒಯ್ಯಲು ಜೀಪು ಸಿದ್ಧವಾಗಿತ್ತು. ಅವನ ಹೆಂಡತಿ ಕೆಂಪವ್ವ ಠಾಣೆಯ ಮೆಟ್ಟಿಲ ಬಳಿ ಬಂದು ನಿಂತಳು. ಸೆರಗಿನ ಗಂಟು ಬಿಚ್ಚಿ ನೋಟುಗಳನ್ನು ಹಾಲೇಶನತ್ತ ಚಾಚಿದಳು. ಎರಡೂ ಆಡು ಮಾರಿದ್ದಳು.

"ಮನಿಪಟ್ಟಿ ತಂದೀನ್ರಿ ಸಾಹೇಬ್ರ. ಇಸ್ಕೊಂಡು ಅವನ್ನ ಬಿಟ್ಟ ಬಿಡ್ರಿ."

ಕಾಡಸಿದ್ದ, "ಅದು ಇಲ್ಲಿ ಕಟ್ಟೂದಲ್ಲವ್ವಾ, ಪಂಚಾಯ್ತ್ಯಾಗ" ಎಂದ.

"ಅಲ್ಲಿಗೆ ಹೋಗೇ ಬಂದೀನ್ರಿ" ಎಂದಳು ಕೆಂಪವ್ವ. "ರಸೀದಿ ಬರಿಯಾಂವ ಸತ್ತಾನ, ಆಮ್ಯಾಲ ಬಾ ಅಂದ್ರು."