ಜೇಡವಿಲ್ಲದ ಗೂಡು

ಅಂಗಳದಲ್ಲಿ ನಿಂತಿದ್ದ ಮನೆಗಾಡಿಯ, ಅಂದರೆ ಮೋಟರ್‌ಹೋಮಿನ, ಬಾಗಿಲು ತೆಗೆದವಳು ಮಗಳು ಲೋರೀನ್. ಅಪ್ಪ ಡೆಲ್ಮರ್ ಹಾಸಿಗೆಯಲ್ಲೇ ತಣ್ಣಗಾಗಿದ್ದ. ಹೀಟರಿನ ಹೊಗೆಗೊಳವೆಗೆ ಮಣ್ಣು ಕಟ್ಟಿಕೊಂಡು ವಿಷದ ಗಾಳಿ ಒಳಗೇ ತುಂಬಿತ್ತು. ಕುಂಬಾರ ಹುಳುವಿನ ಗೂಡು ಎಂದು ಬರೆದುಕೊಂಡು ಪೊಲೀಸರು ಹೋದರು. ಅರಿಝೋನಾದ ಯೂಮಾದಲ್ಲಿ ಇಂಥದ್ದು ಹೊಸದೇನಲ್ಲ.

ಹುಳು ಹೋಗದಂತೆ ಕೊಳವೆಗೆ ಜಾಲರಿ ಹಾಕುವುದು ಲೋರೀನಳ ಕೆಲಸವಾಗಿತ್ತು. ಆ ದಿನ ಜಾಲರಿ ಇರಲಿಲ್ಲ. ಅಪ್ಪನನ್ನು ಕೊಂದವಳು ನೀನೇ ಎಂದು ಅವಳ ಗಂಡ ಕ್ಲೈಡ್ ಮೂರು ತಿಂಗಳಿಂದ ಹೊತ್ತು ಹೊತ್ತಿಗೂ ಚುಚ್ಚುತ್ತಿದ್ದ. ಅವಳೂ ನಂಬಿದ್ದಳು.

* * *

ಈಗ ಗಾಡಿ ಮಾರಾಟಕ್ಕಿತ್ತು. ೧೯೭೬ರದ್ದು. ಕೊಳ್ಳುವವರ ಪರವಾಗಿ ಪರೀಕ್ಷಿಸಲು ಬಂದವಳು ನೆಟ್ಟಿ ಹ್ಯಾಸ್ಕಿನ್. ಹಳೇ ಗಾಡಿಗಳ ಹುಳುಕು ಹುಡುಕುವುದರಲ್ಲಿ ಪಳಗಿದ ಮುದುಕಿ. ಚಾವಣಿಯ ಮೂಲೆಗಳನ್ನು ಒತ್ತಿದಳು, ನೆಲ ತುಳಿದಳು. ಎಲ್ಲೂ ನೀರು ಸೋರಿಲ್ಲ. ಹೀಟರೇ ಬಿರುಕು ಬಿಟ್ಟಿರಬೇಕೆಂದು ಬಿಚ್ಚಿ ನೋಡಿದಳು. ಅದೂ ಗಟ್ಟಿಯಾಗಿತ್ತು.

"ಕೆಟ್ಟಿರೋದು ಹೀಟರ್ ಅಲ್ಲ ಮೇಡಂ, ನನ್ನ ಹೆಂಡ್ತಿ ತಲೆ," ಎಂದ ಕ್ಲೈಡ್. ಅಂಗಳದಲ್ಲಿ ಇಟ್ಟಿಗೆಗೆ ಮಣ್ಣು ತುಳಿಯುತ್ತಿದ್ದ. ಅದೇ ಅವನ ಕಸುಬು.

"ಕೊಳವೆಗೆ ಕಟ್ಟಿತ್ತಂತಲ್ಲ, ಆ ಗೂಡು ಇದೆಯಾ?" ನೆಟ್ಟಿ ಕೇಳಿದಳು.

ಲೋರೀನ್ ಕಾಫಿ ಡಬ್ಬಿಯೊಂದನ್ನು ತಂದಳು. ಒಳಗೆ ಮಣ್ಣಿನ ಹೆಂಟೆ. "ದಿನಾ ತೆಗೆದು ನೋಡ್ತೀನಿ. ಬಿಸಾಡೋ ಹಕ್ಕು ನನಗಿಲ್ಲ."

ನೆಟ್ಟಿ ಅದನ್ನು ಸ್ಕ್ರೂಡ್ರೈವರಿನಿಂದ ಎರಡು ಹೋಳು ಮಾಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ರಸ್ತೆಗೆ ಹೋಗಿ ಫೋನ್ ಮಾಡಿದಳು.

* * *

"ಕುಂಬಾರ ಹುಳು ಕೋಣೆ ಕೋಣೆ ಮಾಡುತ್ತೆ," ಎಂದಳು ನೆಟ್ಟಿ, ಬಂದ ಪೊಲೀಸ್ ಅಧಿಕಾರಿಗೆ. "ಮರಿಗಳ ಊಟಕ್ಕೆ ಜೇಡ ತುಂಬುತ್ತೆ. ಇಲ್ಲಿ ಕೋಣೆನೂ ಇಲ್ಲ, ಜೇಡನೂ ಇಲ್ಲ. ಬರೀ ಮುದ್ದೆ. ಅದರೊಳಗೆ ಕತ್ತರಿಸಿದ ಹುಲ್ಲು. ಬಿರುಕು ಬಿಡ್ಬಾರ್ದು ಅಂತ ಮಣ್ಣಿಗೆ ಹುಲ್ಲು ಕಲಸೋನು ಇಟ್ಟಿಗೆ ಮಾಡೋನು. ಕೊಲೆ ಮಾಡೋವಾಗ್ಲೂ ನಿನ್ನ ಕೈ ಅಭ್ಯಾಸ ಬಿಡ್ಲಿಲ್ಲ ಅಲ್ವಾ, ಕ್ಲೈಡ್?"

ಕ್ಲೈಡ್ ಕೈಯ ಮಣ್ಣು ನೋಡಿಕೊಂಡ. ಅದರಲ್ಲೂ ಹುಲ್ಲಿತ್ತು.

"ಜಾಲರಿ ನಾನು ಹಾಕಿದ್ದೆನಾ?" ಲೋರೀನ್ ಕೇಳಿದಳು.

"ನೀನು ಹಾಕಿದ್ದೆ. ಬಿಚ್ಚಿದ್ದು ನಾನು," ಎಂದ ಕ್ಲೈಡ್. " ನಿನ್ನನ್ನ ಕರ್ಕೊಂಡು ಹೋಗ್ತೀನಿ ಅಂತ ಹೊರಟಿದ್ನಲ್ಲ ಮುದುಕ."

ಪೊಲೀಸರು ಅವನನ್ನು ಕರೆದೊಯ್ದರು. ನೆಟ್ಟಿ ಲೋರೀನಳ ಭುಜ ಹಿಡಿದಳು. "ನಿನ್ನ ತಪ್ಪೇನೂ ಇಲ್ಲ ಮಗಳೇ."

ಲೋರೀನ್ ಗಾಡಿಯೊಳಗೆ ಹೋಗಿ ಮೇಲಿನ ಕಪಾಟು ತೆಗೆದಳು. ಅವಳ ಬಟ್ಟೆಯ ಚೀಲ ಕಟ್ಟಿಟ್ಟಂತೆಯೇ ಇತ್ತು.

"ಮರುದಿನ ಹೊರಡ್ಬೇಕಿತ್ತು ನಾವು. ಹೇಳ್ದೆ ಹೋಗೋದು ಸರಿಯಲ್ಲ ಅನ್ನಿಸಿ, ಹೋಗೋ ವಿಷಯ ಕ್ಲೈಡ್‌ಗೆ ನಾನೇ ಹೇಳಿದ್ದೆ," ಎಂದಳು. "ಅಪ್ಪ ಹೇಳ್ಬೇಡ ಅಂದಿದ್ದ."