ಮೂರನೆಯ ತುಂಡು

“ಕೆಳಗೆ ಇಳೀರಿ. ಈಗಲೇ.”

ಹಗ್ಗಕ್ಕೆ ಜೋತುಬಿದ್ದು ಕೊಂಬೆ ಕೊಯ್ಯುತ್ತಿದ್ದವನು ಬಗ್ಗಿ ನೋಡಿದ. ಕೆಳಗೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು ನಗರಸಭೆಯ ಮರ ಪರೀಕ್ಷಕಿ. ಊರಿಗೆಲ್ಲ ‘ಮರದ ಡಾಕ್ಟರಮ್ಮ’.

ಅವನು ಸರ್ರನೆ ಇಳಿದು ಎದುರು ನಿಂತ. ಕೂದಲ ತುಂಬ ಮರದ ಹೊಟ್ಟು, ಮುಖದ ತುಂಬ ನಗು. ಅವಳ ಎದೆ ಒಮ್ಮೆ ಜೋರಾಗಿ ಬಡಿದುಕೊಂಡಿತು... ಅದಕ್ಕೇ ಸಿಟ್ಟು ಇನ್ನಷ್ಟು ಏರಿತು.

“ಈ ಬೀದೀಲಿ ಆರು ಮರ ಸಾಲಾಗಿ ಒಣಗಿವೆ. ಆರಕ್ಕೂ ಕೊಂಬೆ ಕೊಯ್ದಿದ್ದು ನೀವೇ. ಸೊರಗು ರೋಗದ ಶಿಲೀಂಧ್ರ ಗರಗಸಕ್ಕೆ ಅಂಟಿ ಮರದಿಂದ ಮರಕ್ಕೆ ಹೋಗುತ್ತೆ, ಗೊತ್ತಾ?”

“ಗೊತ್ತು ಮೇಡಂ. ಮರ ಮರಕ್ಕೂ ಸ್ಪಿರಿಟ್ ಹಾಕಿ ಒರೆಸ್ತೀನಿ.”

“ಎಲ್ಲರೂ ಹೀಗೇ ಹೇಳ್ತಾರೆ.”

ಅವನ ನಗು ಮಾಯವಾಯಿತು. ಸಂಜೆಯೊಳಗೆ ಅವಳ ವರದಿ ಮೇಲಧಿಕಾರಿಗೆ ತಲುಪಿತು, ಮರುದಿನದಿಂದ ಅವನ ಕೆಲಸ ನಿಂತಿತು.

ಹತ್ತು ದಿನ ಕಳೆದರೂ ಆ ಬಾಡಿದ ಮುಖ ಅವಳ ಕಣ್ಣ ಮುಂದಿನಿಂದ ಕದಲಲಿಲ್ಲ. ಹನ್ನೊಂದನೆಯ ಬೆಳಗ್ಗೆ ಗ್ರಂಥಾಲಯದಿಂದ ಅಪ್ಪ ಫೋನ್ ಮಾಡಿದರು. ಅವರು ಅಲ್ಲಿ ಗ್ರಂಥಪಾಲಕರು.

“ಮಗಳೇ, ನನ್ನ ಕಿಟಕಿ ಪಕ್ಕದ ಮರದಲ್ಲಿ ಒಂದು ಕೊಂಬೆ ಒಣಗ್ತಿದೆ ಕಣಮ್ಮ.”

ಅವಳು ಓಡಿದಳು. ಆ ಮುದಿ ಮರ ರಸ್ತೆಯಾಚೆ ಒಂಟಿಯಾಗಿತ್ತು. ಅವನು ಅದನ್ನು ಮುಟ್ಟಿಯೇ ಇರಲಿಲ್ಲ. ಅದೇ ಗರಗಸದಿಂದ ಅವನು ಕೊಯ್ದಿದ್ದ ಪಕ್ಕದ ಬೀದಿಯ ಮರಗಳೆಲ್ಲ ಹಸಿರಾಗಿಯೇ ಇದ್ದವು. ಅಂದರೆ ಸಾಲಿನ ಆರು ಮರಗಳಿಗೆ ರೋಗ ಹಬ್ಬಿದ್ದು ಹೆಣೆದುಕೊಂಡ ಬೇರುಗಳಿಂದ. ಬೇರು ಕಡಿಯಲು ಮರಗಳ ನಡುವೆ ಕಂದಕ ತೋಡಿಸಬೇಕಾದವಳು ಮನುಷ್ಯನನ್ನು ದೂರಿ ಕೂತಿದ್ದಳು.

ಹಾಗಾದರೆ ಈ ಮರಕ್ಕೆ?

ಒಣಗಿದ ಕೊಂಬೆಯ ತುದಿಯಲ್ಲಿ ಓರೆಯಾಗಿ ಕತ್ತರಿಸಿದ ಗುರುತು. ಅವಳದೇ ಉದ್ದ ಕೋಲಿನ ಕತ್ತರಿಯದು. ತಿಂಗಳ ಹಿಂದೆ ಆರನೆಯ ಮರದ ರೆಂಬೆ ಪರೀಕ್ಷೆಗೆಂದು ಕತ್ತರಿಸಿ, ಹೋಲಿಸಿ ನೋಡಲು ಇದರದ್ದೂ ಒಂದು ಕತ್ತರಿಸಿದ್ದಳು. ನಡುವೆ ಕತ್ತರಿ ಒರೆಸಿರಲಿಲ್ಲ.

‘ಅಯ್ಯೋ... ನನ್ನ ತಪ್ಪನ್ನ ಅವರ ತಲೆಗೆ ಕಟ್ಟಿದೆನಲ್ಲ!’

“ಇವತ್ತೇ ಕೊಯ್ದರೆ ಮರ ಉಳಿಯಬಹುದು ಅಪ್ಪ,” ಎಂದಳು ಕಿಟಕಿಯತ್ತ ತಿರುಗಿ. “ಅಷ್ಟೆತ್ತರ ಹತ್ತೋರು ಅವರೊಬ್ಬರೇ. ಯಾವ ಮುಖ ಇಟ್ಕೊಂಡು ಕರೀಲಿ?”

“ಇರೋ ಮುಖಾನೇ ಇಟ್ಕೊಂಡು ಹೋಗಮ್ಮ.”

ದಾರಿಯಲ್ಲಿ ಕಚೇರಿಗೆ ಹೊಕ್ಕು ಬಂದು, ಅವನ ಮನೆ ಬಾಗಿಲಲ್ಲಿ ತನ್ನ ತಪ್ಪನ್ನೂ ಮರದ ಸ್ಥಿತಿಯನ್ನೂ ಒಂದೇ ಉಸಿರಿಗೆ ಹೇಳಿದಳು. ಅವನು ಗೋಡೆಯ ಮೊಳೆಯಿಂದ ಹಗ್ಗ ತೆಗೆದುಕೊಂಡ.

ಮರದ ಬುಡದಲ್ಲಿ ಗರಗಸವನ್ನು ಅವಳೇ ಒರೆಸಿ ಕೊಟ್ಟಳು, ಅವನು ಹತ್ತಿದ. ಮೊದಲ ತುಂಡು ಬಿತ್ತು. ತೊಗಟೆಯ ಕೆಳಗೆ ರೋಗದ ಕಂದು ಗೆರೆ. ಗರಗಸ ಹಗ್ಗದಲ್ಲಿ ಇಳಿಯಿತು, ಒರೆಸಿಕೊಂಡು ಮೇಲೇರಿತು. ಎರಡನೆಯದೂ ಕಂದು. ಕಾಂಡಕ್ಕೆ ಇನ್ನು ಮೂರೇ ಅಡಿ. ಅಲ್ಲಿಗೂ ರೋಗ ಇಳಿದಿದ್ದರೆ ಮರ ಕೈಬಿಟ್ಟಂತೆಯೇ...

ಮೂರನೆಯ ತುಂಡು. ಮಂಡಿಯೂರಿ ಅದರ ಕಾಂಡದ ಕಡೆಯ ತುದಿ ತಿರುಗಿಸಿ ನೋಡಿದಳು.

“ಬಿಳಿ! ರೀ, ಅಚ್ಚ ಬಿಳಿ!”

ಆ ‘ರೀ’ ಬಾಯಿಂದ ಬಿದ್ದಮೇಲೆ ನಾಲಿಗೆ ಕಚ್ಚಿಕೊಂಡಳು. ಕಿಟಕಿಯಲ್ಲಿ ಅಪ್ಪ ಕೆಮ್ಮಿದರು.

ಅವನು ಇಳಿದು ಬಂದ.

“ತಪ್ಪು ನಂದು ಅಂತ ಕಚೇರಿಗೆ ಬರೆದುಕೊಟ್ಟೆ. ನಾಳೆಯಿಂದ ನಿಮ್ಮ ಕೆಲಸ ನಿಮಗೆ,” ಎಂದಳು.

“ಮೊದಲೇ ಹೇಳಬಾರದಿತ್ತಾ?”

“ಕೆಲಸದ ಆಸೆಗೆ ಬಂದ್ರಿ ಅಂತ ಆಗಬಾರದಿತ್ತು. ಮರಕ್ಕಾಗಿ ಬರಬೇಕು ಅಂತ...”

“ನಾನು ಬಂದಿದ್ದು ಮರಕ್ಕಾಗಿ ಮಾತ್ರ ಅಂದ್ಕೊಂಡ್ರಾ?”

ಅವಳು ಬಿದ್ದಿದ್ದ ತುಂಡುಗಳನ್ನು ಒಟ್ಟುಮಾಡತೊಡಗಿದಳು. ಬಾಯಿಗೆ ಬಂದದ್ದು ಕೆಲಸದ ಮಾತೊಂದೇ.

“ತಿಂಗಳಿಗೊಮ್ಮೆ ಹತ್ತಿ ನೋಡ್ಬೇಕು. ಮೂರು ವರ್ಷ. ನಾನೂ ಜೊತೆಗಿರ್ತೀನಿ.”

“ಮೂರೇ ವರ್ಷನಾ?”

ಅವಳು ಕೈಚಾಚಿ ಅವನ ಕೂದಲಿನ ಹೊಟ್ಟು ಕೊಡವಿದಳು.

“ಆಮೇಲಿಂದು ಅಪ್ಪನ್ನ ಕೇಳಿ.”